ಸಾಹೇಬರ ಅತ್ತೆಯವರ ಬೀರು

ವರ್ಗ ಎಂಬ ಪದದ ಮುಂದೆ ಒಂದು ಅರ್ಧ ಅಕ್ಷರ ಇಟ್ಟರೆ ಸ್ವರ್ಗವಾಗುತ್ತದೆ. ಆ ಅರ್ಧ ಅಕ್ಷರಕ್ಕಾಗಿ ನಮ್ಮ ಸೂಗಪ್ಪ ಪಟ್ಟ ಪಾಡನ್ನು ಹೇಳಿಬಿಡುತ್ತೇನೆ. ಹೇಳುವಾಗ ನನಗೇ ಆಕಳಿಕೆ ಬಂದರೆ ತಪ್ಪು ತಿಳಿಯಬೇಡಿ. ಸೂಗಪ್ಪನ ವಿಷಯ ಎತ್ತಿದವರಿಗೆಲ್ಲ ಮೊದಲು ಸುಸ್ತಾಗುತ್ತದೆ, ಆಮೇಲೆ ನಗು ಬರುತ್ತದೆ.

ಸೂಗಪ್ಪ ನಮ್ಮ ಇಲಾಖೆಯ ಗುಮಾಸ್ತ. ಯಾವ ಇಲಾಖೆ ಎಂದು ಬಾಯಿಬಿಟ್ಟರೆ ನಾಳೆ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬರಲಿಕ್ಕಿಲ್ಲ. ಅವನ ಮನೆ ರಾಯಚೂರಿನ ಕೋಟೆಯೊಳಗಿನ ಅಂದ್ರೂನ್ ಕಿಲ್ಲಾದಲ್ಲಿ, ಕುರ್ಚಿ ದೇವದುರ್ಗದಲ್ಲಿ. ಇವೆರಡರ ನಡುವೆ ಒಂದು ಕೆಂಪು ಬಸ್ಸು. ದೇವರಿಗೂ ದುರ್ಗಮವಾದದ್ದು ದೇವದುರ್ಗ ಎಂಬುದು ಸೂಗಪ್ಪನೇ ಮಾಡಿಕೊಂಡಿದ್ದ ಸಮಾಸ. ನಸುಕಿನಲ್ಲಿ ಎದ್ದು ಹೋಗಿ, ದೀಪ ಹಚ್ಚಿದ ಮೇಲೆ ಮನೆಗೆ ಬಂದು, ಉಣ್ಣುತ್ತಲೇ ತೂಕಡಿಸುವ ಈ ಗಂಡಸನ್ನು ನೋಡಿ ನೋಡಿ ಹೆಂಡತಿ ಪಾರ್ವತೆಮ್ಮನಿಗೆ ಬೇಸರವೂ ಹಳೆಯದಾಗಿತ್ತು. ಆಕೆ ಪ್ರಾಥಮಿಕ ಶಾಲೆಯ ಟೀಚರು. ಮಗಳು ಶಾಲೆಯಲ್ಲಿ ತಂದೆಯ ಉದ್ಯೋಗ ಏನೆಂದು ಕೇಳಿದಾಗ "ಬಸ್ಸು" ಎಂದಿದ್ದಳಂತೆ. ಟೀಚರು ಅವರವ್ವನೇ ಆದ್ದರಿಂದ ತಿದ್ದಲು ಹೋಗಲಿಲ್ಲ.

ರಾಯಚೂರಿಗೆ ವರ್ಗ ಸಿಕ್ಕರೆ ಸಾಕು, ಸೂಗಪ್ಪನಿಗೆ ಬೇರೆ ಮೋಕ್ಷ ಬೇಡವಾಗಿತ್ತು.

ವರ್ಗ ಕೊಡುವ ಅಧಿಕಾರ ಇದ್ದದ್ದು ಜಿಲ್ಲಾ ಕಚೇರಿಯ ಶ್ರೀಕಂಠಯ್ಯ ಸಾಹೇಬರಿಗೆ. ಎಪ್ಪತ್ತೆಂಟರ ಬೇಸಿಗೆಯಲ್ಲಿ ಮೈಸೂರು ಕಡೆಯಿಂದ ಬಂದವರು. ಹಣೆಗೆ ವಿಭೂತಿ, ಬಾಯಿಗೆ ಚಹಾ ಕೂಡ ಸೋಂಕಿಸದ ಸಾತ್ವಿಕರು. ಅವರದೂ ಕನ್ನಡವೇ, ನಮ್ಮದೂ ಕನ್ನಡವೇ. ಕಷ್ಟವೆಲ್ಲ ಬಂದದ್ದು ಅದರಿಂದಲೇ. ಮೊದಲ ಭೇಟಿಯಲ್ಲೇ ಅವರು ಪ್ರೀತಿಯಿಂದ, "ಏನ್ ಸೂಗಪ್ಪನವ್ರೇ, ತಿಂಡಿ ಆಯ್ತಾ?" ಎಂದು ಕೇಳಿದರು. ನಮ್ಮ ಸೀಮೆಯಲ್ಲಿ ತಿಂಡಿ ಎಂದರೆ ತುರಿಕೆ. ಸೂಗಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಇಲ್ರಿ ಸಾಹೇಬ್ರ, ದಿನಾ ಜಳಕಾ ಮಾಡತೀನ್ರಿ" ಎಂದ. ಸ್ನಾನ ಮಾಡಿಯೂ ಬರಿಹೊಟ್ಟೆಯಲ್ಲಿದ್ದಾನೆಂದರೆ ಏನೋ ವ್ರತ ಹಿಡಿದಿರಬೇಕೆಂದು ಸಾಹೇಬರಿಗೆ ಅವನ ಮೇಲೆ ಗೌರವ ಮೂಡಿತು.

ಆ ಗೌರವವನ್ನೇ ನೆಚ್ಚಿಕೊಂಡು ಸೂಗಪ್ಪ ಒಂದು ಶನಿವಾರ ವರ್ಗದ ಮಾತು ತೆಗೆದ.

"ವರ್ಗ ತಾನೆ? ನೋಡೋಣ," ಎಂದರು ಸಾಹೇಬರು. "ಅದಿರ್ಲಿ, ನೀವು ಇದೇ ಊರಿನವರು. ನಂಗೊಂದು ಒಳ್ಳೇ ಬೀರು ಬೇಕಲ್ಲ!"

ಸೂಗಪ್ಪ ಬಾಗಿಲ ಕಡೆ ನೋಡಿದ. ಜವಾನ ಇರಲಿಲ್ಲ. "ಸಾವಕಾಶ ಅನ್ರಿ ಸಾಹೇಬ್ರ," ಎಂದು ಪಿಸುಗುಟ್ಟಿದ.

"ಯಾಕ್ರೀ? ಇದರಲ್ಲೇನು ಗುಟ್ಟು? ಸಂಸಾರಸ್ಥರ ಮನೆ ಅಂದ್ಮೇಲೆ ಬೀರು ಬೇಡ್ವೇ? ನಮ್ಮತ್ತೆಯವರು ಬಂದಿದಾರೆ. ಬೀರಿಲ್ದೆ ಅವರಿಗೆ ರಾತ್ರಿ ನಿದ್ದೇನೇ ಇಲ್ಲ. ಮೈಸೂರಲ್ಲಿ ಅವರ ಮನೇಲಿ ಎರಡೆರಡು ಬೀರು."

"ಅತ್ತಿಯವ್ರು... ತಾವ ಸ್ವಂತ?"

"ಸ್ವಂತದ್ದೇ ಆಗ್ಬೇಕು ಅವರಿಗೆ. ಇನ್ನೊಬ್ಬರ ಬೀರು ಮುಟ್ಟಲ್ಲ. ಇಲ್ಲಿ ಅಂಗಡೀಲಿ ನೋಡ್ದೆ, ಎಲ್ಲ ತೆಳು. ಮನೇಲಿ ನಿಂತು ಮಾಡಿಸಿದ್ದಾದ್ರೆ ಗಟ್ಟಿ ಇರುತ್ತೆ. ಅಂಥವರು ಯಾರಾದ್ರೂ ಗೊತ್ತೇನ್ರೀ? ಖರ್ಚೆಲ್ಲ ನಂದೇ, ಮತ್ತೆ."

ಇಲ್ಲಿ ಓದುಗರಿಗೆ ಒಂದು ಮಾತು. ಮೈಸೂರು ಸೀಮೆಯಲ್ಲಿ ಬೀರು ಎಂದರೆ ಸೀರೆ, ಒಡವೆ ಇಟ್ಟು ಬೀಗ ಹಾಕುವ ಕಪಾಟು. ನಮ್ಮಲ್ಲಿ ಕಪಾಟಿಗೆ ಕಪಾಟೆಂದೇ ಹೆಸರು. ಬೀರು ಎಂದರೆ ಬಾಟಲಿಯಲ್ಲಿ ಬರುವ, ನೊರೆ ಉಕ್ಕುವ, ಕುಡಿದವನ ಮನೆಯಲ್ಲಿ ಜಗಳ ಉಕ್ಕುವ ಆ ಒಂದೇ ವಸ್ತು. ಗಡಿಯ ಯಾಪಲದಿನ್ನಿ ಕಡೆಯವರು ತೆಲುಗಿನ ಸಹವಾಸದಿಂದ ಕಪಾಟಿಗೆ 'ಬೀರುವಾ' ಎನ್ನುವುದುಂಟು. ಸಾಹೇಬರ ಬಾಯಿಂದ ಆ ಒಂದು 'ವಾ' ಹೊರಬಿದ್ದಿದ್ದರೆ ಸೂಗಪ್ಪ ಬದುಕಿಕೊಳ್ಳುತ್ತಿದ್ದ. ಬೀಳಲಿಲ್ಲ. ನಮಗೂ ಇದು ತಿಳಿದದ್ದು ಎಲ್ಲ ಮುಗಿದ ಮೇಲೆ. ನೀವಾದರೂ ಮೊದಲೇ ತಿಳಿದುಕೊಂಡು ನೆಮ್ಮದಿಯಾಗಿರಿ.

"ಮಂದಿ ಯಾಕ್ರಿ ಸಾಹೇಬ್ರ? ನಾನ ಮಾಡತೀನ್ರಿ, ಮನಿಯಾಗ," ಎಂದುಬಿಟ್ಟ ಸೂಗಪ್ಪ.

"ನೀವಾ? ನಿಮಗೆ ಬರುತ್ತಾ?"

"ನಮ್ಮಜ್ಜನ ಕಾಲದಿಂದ ನಡಕೊಂತ ಬಂದದ್ರಿ."

ಅಜ್ಜನ ಕಾಲದಿಂದ ಅವನ ಮನೆತನದಲ್ಲಿ ನಡೆದುಕೊಂಡು ಬಂದದ್ದು ಮೊಣಕಾಲು ನೋವು ಮಾತ್ರ. ಆದರೆ ಸಾಹೇಬರು, "ಭೇಷ್! ಕೈಕಸುಬು ಬಿಡಬಾರ್ದು. ನಂ ಬೀರು ಆಗ್ಲಿ, ನಿಮ್ಮ ಆರ್ಡರೂ ಆಗ್ಲಿ," ಎಂದರು.

ಮನೆಗೆ ಬಂದು ಸುದ್ದಿ ಹೇಳಿದಾಗ ಪಾರ್ವತೆಮ್ಮ ಉತ್ತರಪತ್ರಿಕೆ ತಿದ್ದುತ್ತಿದ್ದಳು. ತಲೆ ಎತ್ತಲಿಲ್ಲ.

"ಚಾ ಕುಡಿಯದವ್ರು ಬೀರು ಕುಡೀತಾರೇನ್ರಿ?"

"ಅದಕ್ಕ ಚಾ ಕುಡಿಯೂದಿಲ್ಲ ಅವರು. ಹೊಟ್ಟ್ಯಾಗ ಜಾಗಾ ಕಾದಿಟ್ಟಾರ."

"ನಿಮಗ ಅನ್ನಾ ಬಸಿಯಾಕ ಬರೂದಿಲ್ಲ. ಬೀರು ಮಾಡತೀರೇನು?"

"ನಿನ್ನ ತಮ್ಮ ಅದಾನಲ್ಲ!"

ಪಾರ್ವತೆಮ್ಮ ಅಲ್ಲಿಗೆ ಪೆನ್ನು ಮುಚ್ಚಿದಳು. ಆಕೆಯ ತಮ್ಮ ಬೂದೆಪ್ಪ ಊರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರು. ಬೋಧೆ ಮಾಡುವುದು ಬಿಟ್ಟು ಬೇರೇನೂ ಮಾಡದವನಾದ್ದರಿಂದ ನಾವೆಲ್ಲ ಅವನನ್ನು ಬೋಧೆಪ್ಪ ಎಂದೇ ಕರೆಯುತ್ತಿದ್ದೆವು. ಅವನು ಹುಟ್ಟಿದಾರಭ್ಯ ಬೀರು ಮಾಡಿರಲಿಲ್ಲ. ಆದರೆ ಕೆಟ್ಟ ಬೀರು ಏಕೆ ಕೆಟ್ಟಿತೆಂದು ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

"ಮಾವಾ, ವಾಸನಿ ಅಂದ್ರ ಸಾಕ್ಷಿದಾರ ಇದ್ದಂಗ," ಎಂದು ಅವನು ಮೊದಲ ದಿನವೇ ಬೆರಳೆತ್ತಿದ. "ಎಲ್ಲಿ ತಪ್ಪೇದ ಅಂತ ಮೂಗಿಗೆ ಬಂದು ತಾನ ಹೇಳತದ. ನಾವು ಕೇಳಬೇಕಷ್ಟ."

ಮಾನ್ವಿ ತಾಲೂಕಿನ ಮಲ್ಲಟದಲ್ಲಿದ್ದ ಸೂಗಪ್ಪನ ಅಕ್ಕ ತಿಮ್ಮವ್ವ ಬಿಳಿಜೋಳ ಕಳಿಸಿದಳು. ತಮ್ಮನಿಗೆ ರೊಟ್ಟಿಗೆ ಜೋಳ ಸಾಲುತ್ತಿಲ್ಲ ಎಂದುಕೊಂಡು ಚೀಲದ ಮೇಲೊಂದು ಗಂಟು ಶೇಂಗಾ ಹಿಂಡಿಯನ್ನೂ ಇಟ್ಟಿದ್ದಳು, ಪಾಪ. ಜೋಳ ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ಒಡೆದು, ಬಿಸಿನೀರಲ್ಲಿ ಕಲಸಿ, ಸೋಸಿ, ಕುದಿಸಿದ್ದಾಯಿತು. ಕಹಿಗೆಂದು ವಿಲಾಯತಿಯಲ್ಲಿ ಏನೋ ಹೂವು ಹಾಕುತ್ತಾರಂತೆ. ಅಂದ್ರೂನ್ ಕಿಲ್ಲಾದಲ್ಲಿ ಬೇವಿನ ಎಲೆ ಸಿಕ್ಕಿತು. ಬೇಕರಿಯ ಅಲ್ಲಾಉದ್ದೀನನ ಹತ್ತಿರ ಒಂದು ಮುದ್ದೆ ಈಸ್ಟ್ ತಂದು ಗಡಿಗೆಗೆ ಹಾಕಿ ಬಾಯಿ ಕಟ್ಟಿದರು. ಸೂಗಪ್ಪ ಆ ಗಡಿಗೆಯ ಮುಂದೆ ಕುಳಿತು, ನೊರೆ ಬಂದರೆ ದೊರೆ ಒಲಿದಾನು ಎಂಬಂತೆ ಕಾದ.

ಮೊದಲ ಗಡಿಗೆ ಹುಳಿಯಾಯಿತು. ಎಂಥ ಹುಳಿ ಎಂದರೆ, ಪಾರ್ವತೆಮ್ಮ ಒಂದು ಗುಟುಕು ಬಾಯಿಗೆ ಹಾಕಿಕೊಂಡು, "ಅಂಬಲಿ ಆಗ್ಯಾದ. ಉಪ್ಪು, ಉಳ್ಳಾಗಡ್ಡಿ ಹಾಕ್ಕೊಂಡು ಕುಡೀರಿ," ಎಂದು ಒಳಗೆ ಹೋದಳು.

ಬೋಧೆಪ್ಪ ಗಡಿಗೆಗೆ ಮೂಗು ಹಾಕಿದ. "ಅಕ್ಕಾ, ಈ ಗಡಿಗ್ಯಾಗ ಮೊದಲ ಏನಿತ್ತು?"

"ಮಜ್ಜಗಿ."

"ಮತ್ತ! ಮಜ್ಜಗಿ ಹುಳಾ ಒಳಗ ಕುಂತಿದ್ವು. ಹುಳಿಗೆ ಕಾರಣ ಹುಳ. ಪಾತ್ರಿ ಶುದ್ಧ ಇರಬೇಕು ಮಾವಾ, ಶುದ್ಧ!"

ಶುದ್ಧಿ ಎಂಬ ಪದ ಕೇಳಿದ ಕೂಡಲೇ ಸೂಗಪ್ಪನಲ್ಲಿ ಇಲಾಖೆ ಜಾಗೃತವಾಯಿತು. ಒಂದು ಊರಿನ ನೀರಿಗೆ ಬೇಕಾಗುವಷ್ಟು ಬ್ಲೀಚಿಂಗ್ ಪೌಡರು ಹಾಕಿ ಗಡಿಗೆ ತಿಕ್ಕಿದ. ಎರಡನೆಯ ಬೀರಿನ ಬಾಯಿಬಟ್ಟೆ ಬಿಚ್ಚಿದಾಗ ಮನೆಯಲ್ಲಿ ಸ್ಪಿರಿಟ್ಟು, ಪಟ್ಟಿ, ಔಷಧಿ ಎಲ್ಲ ಸೇರಿದ ವಾಸನೆ ಹಬ್ಬಿತು. ಪಾರ್ವತೆಮ್ಮ ಗೋಡೆ ಹಿಡಿದುಕೊಂಡಳು.

"ಯವ್ವಾ, ದವಾಖಾನಿ ವಾಸನಿ! ನನಗ ಹಡದದ್ದು ನೆಪ್ಪಾತು."

"ಬ್ಲೀಚಿಂಗ್ ತೊಳದು ಹೋಗಿಲ್ಲ," ಎಂದ ಬೋಧೆಪ್ಪ. "ಅದು ಕಾಳಿನ ಸತ್ವದ ಜೋಡಿ ಕೂಡೇದ. ಕೂಡಿದ್ದಕ್ಕ ಈ ನಾತ."

"ಮೊದಲ ಹೇಳಬಾರದೇನಪಾ?"

"ಮೊದಲ ವಾಸನಿ ಬಂದಿರಲಿಲ್ಲಲ್ಲ ಮಾವಾ."

ಇಷ್ಟರಲ್ಲಿ ಸಾಹೇಬರಿಂದ ವಿಚಾರಣೆ ಶುರುವಾಯಿತು. ದೇವದುರ್ಗದಿಂದ ಕಾಗದ ಹಿಡಿದು ಹೋದಾಗಲೆಲ್ಲ ಅದೇ ಪ್ರಶ್ನೆ. ಆ ಸಂವಾದವನ್ನು ಸೂಗಪ್ಪನೇ ಎರಡೂ ಧ್ವನಿಯಲ್ಲಿ ನಮಗೆ ಮಾಡಿ ತೋರಿಸಿದ್ದುಂಟು.

"ಎಲ್ಲಿಗೆ ಬಂತು ನಮ್ಮ ಬೀರು?"

"ಆಗೇದ್ರಿ. ಒಂದೀಟು ವಾಸನಿ ಹೊಡ್ಯಾಕತ್ತದ್ರಿ."

"ಹೊಸ ಬೀರು ಅಂದ್ಮೇಲೆ ವಾಸನೆ ಇದ್ದದ್ದೇ. ಚೆನ್ನಾಗಿ ಬಿಸಿಲಿಗೆ ಇಡಿ, ಹೋಗುತ್ತೆ. ಬಣ್ಣ ಯಾವುದು?"

"ಹಳದಿ ಅದರಿ."

"ಹಳದಿ ಬೇಡ್ರೀ, ಮದುವೆ ಮನೆ ಥರ. ಕಾಫಿ ಬಣ್ಣ ಬರೋ ಹಾಗೆ ಮಾಡಿ. ಅತ್ತೆಯವರಿಗೆ ಸ್ವಲ್ಪ ಗಂಭೀರವಾಗಿರಬೇಕು."

ಸೂಗಪ್ಪ ಜೋಳವನ್ನು ಕಾಫಿ ಬಣ್ಣಕ್ಕೆ ಹುರಿದ. ಬೀರು ತುಂಬಿದ ಗಡಿಗೆಯನ್ನು ಮಾಳಿಗೆಯ ಮೇಲೆ ಒಯ್ದ. ಬೋಧೆಪ್ಪ ಮೆಟ್ಟಿಲಿಗೆ ಅಡ್ಡ ನಿಂತ.

"ಮಾವಾ, ಈಸ್ಟ್ ಅಂದ್ರ ಜೀವ ಅದ! ರಾಯಚೂರ ಬಿಸಲಿಗೆ ಹಂಚ ತಾಳೂದಿಲ್ಲ, ಅದು ತಾಳತದೇನು?"

"ನೀ ಬಿ.ಎಸ್ಸಿ., ಅವರು ಬಿ.ಇ. ಸರಿ ನಿಂದರು."

ಇಳಿಸಿದಾಗ ಮೊದಲು ಕಳಿತ ಬಾಳೆಹಣ್ಣಿನ ವಾಸನೆ ಬಂತು. ಸೂಗಪ್ಪ ಹಿಗ್ಗಿದ. ಮುಚ್ಚಳ ಪೂರ್ತಿ ತೆಗೆದಾಗ ಹಿಂದಿನಿಂದ ಬಣ್ಣದ ಡಬ್ಬಿಯ ಘಾಟು ಬಂತು. ತಳದಿಂದ ಸೀದ ರೊಟ್ಟಿಯ ವಾಸನೆ. ಪಕ್ಕದ ಮನೆಯ ಹಾಜಿರಾ ಬೀ ಗೋಡೆಯ ಮೇಲೆ ತಲೆ ಇಟ್ಟು, "ಕ್ಯಾ ಪಾರ್ವತೀ, ಘರ್ ಕೂ ಪೈಂಟ್ ಮಾರ್‍ರೈಂ ಕ್ಯಾ?" ಎಂದು ಕೇಳಿದಳು. ಇವರು ಮಾತಾಡದ್ದು ನೋಡಿ ಕನ್ನಡಕ್ಕೆ ಇಳಿದಳು. "ಬಣ್ಣಾ ಹಚ್ಚೋರು ಹಚ್ಚರಿ ಯವ್ವಾ. ನಮ್ಮ ಕಡೀ ಗ್ವಾಡಿಗೂ ಒಂದ್ ಕೈ ಹೊಡೀರಿ."

"ಬಿಸಲಿಗೆ ಈಸ್ಟಿಗೆ ಹುಚ್ಚು ಹಿಡದು ಹಿಂಗಾಗ್ಯಾದ," ಎಂದು ಬೋಧೆಪ್ಪ ತೀರ್ಪು ಕೊಟ್ಟ. ಸೂಗಪ್ಪನಿಗೆ ಈಸ್ಟಿನ ಮೇಲೆ ಮೊದಲ ಸಲ ಅನುಕಂಪ ಹುಟ್ಟಿತು. ಆ ಬಿಸಿಲಲ್ಲಿ ಬಾಯಿ ಕಟ್ಟಿಸಿಕೊಂಡು ಕೆಲಸ ಮಾಡುವುದು ಎಂದರೇನೆಂದು ಅವನಿಗೆ ಗೊತ್ತಿತ್ತು.

ಮುಂದಿನ ಭೇಟಿ.

"ಇನ್ನೂ ವಾಸನೇನಾ? ಹಾಗಾದ್ರೆ ಮುಚ್ಚಿಟ್ಟಿದೀರಿ ನೀವು. ಪೂರ್ತಿ ತೆಗೆದಿಡಿ. ಗಾಳಿ ಆಡ್ಲಿ ಒಳಗೆ."

"ಪೂರಾ ತಗದು ಇಡಬೇಕೇನ್ರಿ?"

"ಹಗಲೂ ರಾತ್ರಿ! ಮತ್ತೆ ನುಸಿಗುಳಿಗೆ ಹಾಕಿ ಒಂದಷ್ಟು. ಜಿರಳೆ ಸೇರಬಾರ್ದು ನೋಡಿ. ನಮ್ಮತ್ತೆ ಬೀರಲ್ಲಿ ಒಂದ್ಸಲ ಜಿರಳೆ ಸಿಕ್ಕಿ ರಂಪ ಆಗಿತ್ತು."

ಗಡಿಗೆಯ ಬಾಯಿ ತೆರೆದಿಟ್ಟ. ಗಾಳಿ ಸೇರಿಸಲೆಂದು ಮೇಲಿಂದ ಕೆಳಗೆ ಸುರುವಿ, ಕೆಳಗಿಂದ ಮೇಲೆ ಸುರುವಿ, ಚಹಾ ಅಂಗಡಿಯವನಂತೆ ಆರಿಸಿದ. ನುಸಿಗುಳಿಗೆಯ ಮಾತು ಕೇಳಿ ಮಾತ್ರ ಬೋಧೆಪ್ಪ ನೆಲಕ್ಕೆ ಕೂತ. "ಮಾವಾ, ಮಂದಿ ಸಾಯತಾರ! ಸಾಹೇಬ್ರ ಅತ್ತಿ ಮೊದಲ ಸಾಯತಾಳ!" ಹೀಗೆ ಒಂದು ರಾಜಿಯಾಗಿ ಗುಳಿಗೆಗಳನ್ನು ಬಟ್ಟೆಯಲ್ಲಿ ಗಂಟು ಹಾಕಿ ಗಡಿಗೆಯ ಕೊರಳಿಗೆ ಕಟ್ಟಿದರು. ತಾಯತ ಕಟ್ಟಿಸಿಕೊಂಡ ಕೂಸಿನಂತೆ ಗಡಿಗೆ ಮೂಲೆಯಲ್ಲಿ ಕೂತಿತು.

ಅದರ ಫಲವನ್ನು ಗುರುತಿಸಿದವನು ಹಾಜಿರಾ ಬೀಯ ಗಂಡ ಸತ್ತಾರ್ ಸಾಬ್. ಅವನದು ರದ್ದಿ ಮತ್ತು ಹಳೆ ಬಾಟಲಿಯ ವ್ಯಾಪಾರ. ಬಾಟಲಿ ಕೊಡಲು ಬಂದವನು ಬಾಗಿಲಲ್ಲೇ ನಿಂತು ಮೂಸಿದ. ಮುಖ ಕಪ್ಪಿಟ್ಟಿತು.

"ಸೂಗಪ್ಪನೋರ, ಇದು ನನ್ನ ದುಕಾನದ ವಾಸನಿ ಅದ. ನೆಂದ ರಟ್ಟಿನ ವಾಸನಿ. ನನ್ನ ರಟ್ಟು ಎಷ್ಟು ಒಯ್ದೀರಿ?"

"ರಟ್ಟು ಒಯ್ದು ಏನ ಮಾಡ್ಲಿ ಸಾಬ್?"

"ಕುದಸಾಕತ್ತೀರಲ್ಲ! ರದ್ದೀನೂ ಕುದಿಸಿ ಕುಡಿಯೋ ಕಾಲ ಬಂತೇನ್ ಯಾ ಅಲ್ಲಾ!"

"ಗಾಳಿ ಕೂಡಿದ್ರ ಬೀರು ರಟ್ಟಾಕ್ಕದ," ಎಂದು ಬೋಧೆಪ್ಪ ವಿವರಿಸಲು ಹೋದ. ಸತ್ತಾರ್ ಸಾಬ್ ಅದನ್ನು ಕೇಳಿಸಿಕೊಳ್ಳದೆ ತನ್ನ ಅಂಗಡಿಯ ಕಟ್ಟುಗಳನ್ನು ನೋಡಲು ಓಡಿದ.

ಸೂಗಪ್ಪನಿಗೆ ಸಾಕಾಗಿತ್ತು. ಹಗಲು ದೇವದುರ್ಗ, ಸಂಜೆ ಗಡಿಗೆ. ಬಸ್ಸಿನಲ್ಲಿ ಪಕ್ಕದವರು ಮೂಗು ಹಿಡಿದುಕೊಂಡು ಎದ್ದು ಹೋಗುವುದರಿಂದ ಕೂಡಲು ಜಾಗ ಸಿಗುತ್ತಿತ್ತು ಎಂಬುದೊಂದೇ ಲಾಭ. ಕೊನೆಗೆ ಬೋಧೆಪ್ಪನ ಮಾತಿನಂತೆ ಯಾರ ಸಲಹೆಯೂ ಇಲ್ಲದೆ ಒಂದು ಗಡಿಗೆ ಇಟ್ಟರು. ಹೊಸ ಗಡಿಗೆ, ಕುದಿನೀರಲ್ಲಿ ತೊಳೆದದ್ದು. ಒದ್ದೆ ಗೋಣಿಚೀಲ ಸುತ್ತಿ ನೆರಳಲ್ಲಿ ಇಟ್ಟದ್ದು. ನೊರೆ ಚೆನ್ನಾಗಿ ಬಂತು. ವಾಸನೆಯೂ ಹದವಾಗಿತ್ತು. ಇನ್ನು ಕೆಲವು ದಿನ ಮುಟ್ಟದೆ ಬಿಟ್ಟಿದ್ದರೆ ಈ ಕಥೆ ಇಲ್ಲಿಗೆ ಸುಖವಾಗಿ ಮುಗಿಯುತ್ತಿತ್ತೇನೋ.

ಆದರೆ ಶನಿವಾರ ಸಾಹೇಬರು, "ನಾಳೆ ನಾವೇ ಬಂದು ಬೀರು ತೊಗೊಂಡು ಹೋಗ್ತೀವಿ. ಅತ್ತೆಯವರೂ ಬರ್ತಾರೆ. ಸೋಮವಾರ ನಿಮ್ಮ ಆರ್ಡರ್ ಟೈಪಾಗುತ್ತೆ," ಎಂದುಬಿಟ್ಟರು.

"ಇನ್ನಾ ಆಗಿಲ್ಲ ಮಾವಾ! ಈಸ್ಟಿನ ಊಟ ಮುಗದಿಲ್ಲ!" ಎಂದು ಬೋಧೆಪ್ಪ ಬಾಯಿ ಬಡಿದುಕೊಂಡರೂ ಕೇಳದೆ ಸೂಗಪ್ಪ ಅಂದೇ ಬಾಟಲಿಗೆ ತುಂಬಿದ. ಅವಸರದ ಬೀರಿಗೆ ಬೆಣ್ಣೆಯ ವಾಸನೆ ಬಂತು. ಗೋಡೆಯ ಆಚೆಯಿಂದ ಹಾಜಿರಾ ಬೀ, "ಬೆಣ್ಣಿ ಕಾಸೀರಿ, ಒಂದ್ ಚಮಚ ತುಪ್ಪಾ ಕಳಸಲಿಲ್ಲ, ಇದೇನ್ ಓಣಿ ಧರ್ಮ ಯವ್ವಾ?" ಎಂದು ನೊಂದುಕೊಂಡಳು. ಹಿಂದಿನ ಗಡಿಗೆಗಳಲ್ಲಿ ಉಳಿದದ್ದನ್ನೂ ಸೂಗಪ್ಪ ಚೆಲ್ಲಲಿಲ್ಲ; ಅತ್ತೆಯವರಿಗೆ ಯಾವ ರುಚಿ ಹಿಡಿಸುತ್ತದೋ ಎಂದು ಅವನ್ನೂ ಇಷ್ಟಿಷ್ಟು ತುಂಬಿ, ಎಲ್ಲಕ್ಕೂ ಒಂದೊಂದು ಚಿಟಿಕೆ ಸಕ್ಕರೆ ಹಾಕಿ, ಬೂಚು ಬಡಿದು, ತಂತಿ ಬಿಗಿದ. ತಂಪಾದ, ಕತ್ತಲೆಯ ಜಾಗ ಬೇಕಿತ್ತು. ಮನೆಯಲ್ಲಿ ಅಂಥದ್ದು ಒಂದೇ. ಪಾರ್ವತೆಮ್ಮನಿಗೆ ತವರಿನವರು ಕೊಟ್ಟಿದ್ದ ಸಾಗುವಾನಿ ಕಪಾಟು. ಆಕೆ ಸೀರೆಗಳನ್ನು ತೆಗೆದು ಟ್ರಂಕಿಗೆ ಹಾಕಿದಳು. ಬಾಟಲಿಗಳು ಒಳಗೆ ನಿಂತವು. ಬೀಗ ಬಿತ್ತು.

ಭಾನುವಾರ ಮಧ್ಯಾಹ್ನ ಮನೆಯ ಮುಂದೆ ಒಂದು ಎತ್ತಿನ ಬಂಡಿ ನಿಂತಿತು. ಅದರಿಂದ ಹಗ್ಗ ಹಿಡಿದ ಹಮಾಲರು ಇಳಿದರು. ಹಿಂದೆ ಜಟಕಾದಿಂದ ಸಾಹೇಬರು, ಅವರ ಹಿಂದೆ ಮಡಿಸೀರೆಯುಟ್ಟ ಒಬ್ಬ ಮುದುಕಿ. ಸೂಗಪ್ಪ ಬಂಡಿ ನೋಡಿ ಬೆವೆತ.

"ಸಾಹೇಬ್ರ, ಬಂಡಿ ಯಾಕ್ರಿ? ಚೀಲದಾಗ ಹಿಡಿತಿದ್ದವಲ್ರಿ?"

"ಹಾಸ್ಯ ನೋಡಿ ಇವರದು!" ಎಂದು ಸಾಹೇಬರು ಅತ್ತೆಯ ಕಡೆ ತಿರುಗಿದರು.

ಮುದುಕಿ ಗಂಭೀರವಾಗಿ ಕೇಳಿದರು: "ಏನಪ್ಪಾ, ಬೀರಿಗೆ ಕನ್ನಡಿ ಇದೆಯೋ?"

"ಕನ್ನಡಿ ಹಂಗ ತಿಳಿ ಅದರಿ ಅವ್ವಾರ. ಮಾರಿ ಕಾಣತದ."

"ಬೀಗ ಭದ್ರವೋ?"

"ಬೂಚಿಗೆ ತಂತೀನ ಬಿಗದೀನ್ರಿ."

"ಒಳಗೆ ಕಳ್ಳಖಾನೆ ಇಟ್ಟಿದೀಯಾ?"

ಒಡವೆ ಬಚ್ಚಿಡುವ ಗುಟ್ಟಿನ ಅರೆಯ ಮಾತು ಕಳ್ಳಿನ ಮಾತಾಗಿ ಕೇಳಿಸಿ ಸೂಗಪ್ಪ ನಾಲಿಗೆ ಕಚ್ಚಿಕೊಂಡ. "ಛೇ ಛೇ, ಕಳ್ಳು ಒಂದ್ ಹನೀ ಬೆರಸಿಲ್ರಿ. ಬರೇ ಬೀರು."

ಮುದುಕಿ ಅಳಿಯನ ಮುಖ ನೋಡಿದರು. ಅಳಿಯ ಆಗಲೇ ಒಳಗೆ ಹೋಗಿ ಕಪಾಟಿನ ಮುಂದೆ ನಿಂತಿದ್ದರು. ಅದರ ಬೆನ್ನು ತಟ್ಟಿದರು, ಅಂಚು ಸವರಿದರು.

"ಆಹಾಹಾ! ಅತ್ತೆ, ಬನ್ನಿ ಇಲ್ಲಿ! ಬೀರು ಅಂದ್ರೆ ಇದು! ಕಾಫಿ ಬಣ್ಣ! ಸೂಗಪ್ಪನವ್ರೇ, ನಿಮ್ಮ ಅಜ್ಜ ಪುಣ್ಯಾತ್ಮರು ಕಣ್ರೀ. ಇದನ್ನ ನೀವೇ ಮಾಡಿದ್ದಾ?"

ಸೂಗಪ್ಪ ಕಪಾಟು ನೋಡಿದ. ಸಾಹೇಬರನ್ನು ನೋಡಿದ. ಬಿಸಿಲಿಗೆ ಇಡಿ, ಬಣ್ಣ ಯಾವುದು, ಪೂರ್ತಿ ತೆಗೆದಿಡಿ, ಜಿರಳೆ ಎಲ್ಲವೂ ಒಂದರ ಹಿಂದೊಂದು ಅವನ ತಲೆಯಲ್ಲಿ ಬಂದು ಸಾಲಾಗಿ ನಿಂತು ಕೈಮುಗಿದವು. ಬೋಧೆಪ್ಪನಿಗೂ ತಿಳಿಯಿತು, ಅವನು ಜೀವನದಲ್ಲಿ ಮೊದಲ ಬಾರಿಗೆ ಏನನ್ನೂ ಬೋಧಿಸಲಿಲ್ಲ.

"ಇದನ್ನ ಈಗಲೇ ಹೊರಿಸ್ತೀನಿ. ನಾಳೆ ಆರ್ಡರ್. ರಾಯಚೂರು! ಖುಷಿನಾ?"

ಸೂಗಪ್ಪ ಪಾರ್ವತೆಮ್ಮನ ಕಡೆ ತಿರುಗಿದ. ಆಕೆ ಗೋಡೆಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದವಳು, ಗಂಡನನ್ನು ಅಡಿಗೆಮನೆಯ ಮರೆಗೆ ಕರೆದಳು.

"ಒಯ್ಯಲಿ ಬಿಡ್ರಿ."

"ನಿನ್ನ ತವರೂರಿಂದು..."

"ಕಪಾಟ ಏನ್, ಹೊತ್ತು ಮುಳಗೂದ್ರಾಗ ಮನಿಗೆ ಬರತದೇನು? ನೀವು ಬಂದ್ರ ಸಾಕು. ಆದ್ರ ಬಾಟ್ಲಿ ತಗೀರಿ ಮೊದಲ."

ತೆಗೆಯುವುದು ಹೇಗೆ? ಮುದುಕಿ ಕಪಾಟಿನ ಮುಂದೆಯೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಕೀಲಿ ಕೇಳಿದಾಗ ಸೂಗಪ್ಪ, "ಕೀಲಿ ಸಿಗವಲ್ದ್ರಿ, ನಾಳಿ ನಾನ ಬಂದು ತಗದುಕೊಡತೀನ್ರಿ," ಎಂದ. ಹಮಾಲರು ಎತ್ತಿದರು. ಒಳಗೆ ಕಿಣಿಕಿಣಿ ಎಂದಿತು.

"ಅದೇನ್ರೀ ಸದ್ದು?"

"ಒಳಗಿನ ಹಲಗಿ ಸಡ್ಲ್ ಅದಾವ್ರಿ."

ಬಂಡಿ ಹೊರಟಿತು. ಮುಂದೆ ಜಟಕಾದಲ್ಲಿ ಸಾಹೇಬರು ಮತ್ತು ಅತ್ತೆ, ಹಿಂದೆ ಬಂಡಿ, ಅದರ ಹಿಂದೆ ಕಾಲೆಳೆಯುತ್ತ ಸೂಗಪ್ಪ. ಮೇ ತಿಂಗಳ ಬಿಸಿಲು. ಕಲ್ಲುಹಾಸಿನ ರಸ್ತೆ. ಅರೆಬೆಂದ ಬೀರು, ಮೇಲೆ ಚಿಟಿಕೆ ಸಕ್ಕರೆ. ತೀನ್ ಕಂದೀಲ್ ಚೌಕದ ಹತ್ತಿರ ಬಂಡಿಯ ಗಾಲಿ ಒಂದು ಕುಣಿಯಲ್ಲಿ ಇಳಿದು ಎದ್ದಿತು. ಕಪಾಟಿನೊಳಗೆ ಒಂದು ಬಾಟಲಿ ಢಂ ಎಂದಿತು. ಅದು ಪಕ್ಕದವನಿಗೆ ಹೇಳಿತು, ಪಕ್ಕದವನು ಅದರ ಪಕ್ಕದವನಿಗೆ. ಎತ್ತುಗಳು ಬೆದರಿ ಅಡ್ಡ ತಿರುಗಿದವು. ಪಾನ್ ಅಂಗಡಿಯವನು ಶಟರ್ ಎಳೆದ. ಬಾಗಿಲ ಸಂದಿಯಿಂದ ಕಾಫಿ ಬಣ್ಣದ ನೊರೆ ನಿಧಾನವಾಗಿ ಇಳಿದು, ಬಂಡಿಯ ಹಲಗೆ ದಾಟಿ, ರಸ್ತೆಗೆ ಬಂತು.

ಜನ ಕೂಡಿದರು. ಮೂಗುಗಳು ಎದ್ದವು.

"ಬಾಳೆಹಣ್ಣ ಕೊಳತದ!"

"ಅಲ್ಲ, ದವಾಖಾನಿ ಬಂಡಿ ಇರಬೇಕು."

"ಏ, ಯಾರೋ ಪೇಂಟ್ ಚೆಲ್ಯಾರ."

"ನುಸಿಗುಳಿಗಿ ನೋಡಪಾ. ಮುದುಕರ ಟ್ರಂಕ್ ಒಡದದ."

ಗುಂಪು ಸೀಳಿಕೊಂಡು ಅಬಕಾರಿ ಜವಾನ ಇಮಾಮಹುಸೇನ ಬಂದ. ಭಾನುವಾರವೂ ಡ್ಯೂಟಿ ಬಿದ್ದದ್ದಕ್ಕೆ ಅವನ ಮುಖ ಮೊದಲೇ ಇಳಿದಿತ್ತು. ನೊರೆ ನೋಡಿದ. ಜಟಕಾದಿಂದ ಇಳಿದ ಸಾಹೇಬರನ್ನು ನೋಡಿದ.

"ಏನ್ರಿ ಇದು?"

"ಬೀರು," ಎಂದರು ಸಾಹೇಬರು ಧೈರ್ಯವಾಗಿ.

ಇಮಾಮಹುಸೇನ ತನ್ನ ಸರ್ವೀಸಿನಲ್ಲಿ ಇಂಥ ಪ್ರಾಮಾಣಿಕನನ್ನು ಕಂಡಿರಲಿಲ್ಲ. "ಒಪ್ಪಿಕೊಂಡ್ರಲ್ಲ, ಛಲೋ ಆತು. ಯಾರದ್ರಿ?"

"ನಮ್ಮ ಅತ್ತೆಯವರದು."

"ಇಷ್ಟೂ... ಅತ್ತಿಯವ್ರದ?"

"ಹೂಂರೀ. ಅವರಿಗೆ ಬೀರಿಲ್ದೆ ನಿದ್ದೆ ಬರಲ್ಲ. ಮೈಸೂರಲ್ಲಿ ಎರಡೆರಡು ಇಟ್ಕೊಂಡಿದ್ರು. ಇಲ್ಲಿ ಒಂದಕ್ಕೇ ಒಪ್ಪಿಸಿದೀನಿ."

ಇಮಾಮಹುಸೇನ ಜಟಕಾದಲ್ಲಿ ಕೂತ ಮುದುಕಿಯ ಕಡೆ ಕತ್ತು ಚಾಚಿ ಸ್ವಲ್ಪ ಹೊತ್ತು ಭಕ್ತಿಯಿಂದ ನೋಡಿದ. "ಲೈಸನ್ಸ್ ಅದೇನ್ರಿ?"

"ಬೀರಿಗೂ ಲೈಸೆನ್ಸಾ? ಏನ್ರೀ ನಿಮ್ಮ ಊರು! ನಾಳೆ ಮಂಚಕ್ಕೂ ಕೇಳ್ತೀರಾ?"

"ಮಂಚದ್ ಮ್ಯಾಲ ಏನ್ ಮಾಡ್ತೀರಿ ನಮಗ ಸಂಬಂಧಿಲ್ರಿ. ಬೀರಿಗೆ ಬೇಕು. ಇದನ್ನ ಮಾಡಿದಾಂವ ಯಾರು?"

ಸಾಹೇಬರು ಹೆಮ್ಮೆಯಿಂದ ಹಿಂದೆ ತೋರಿಸಿದರು. "ಅವರೇ. ಸೂಗಪ್ಪನವರು. ಅಜ್ಜನ ಕಾಲದಿಂದ ಮಾಡ್ತಾರೆ."

ಸೂಗಪ್ಪನಿಗೆ ಆಗ ವರ್ಗ ಮರೆತು ಕೆಲಸ ನೆನಪಾಯಿತು. ಕೆಲಸ ಹೋದರೆ ದೇವದುರ್ಗದ ಬಸ್ಸೂ ಹೋಯಿತು. ಅವನಿಗೆ ಸುಳ್ಳು ಹೇಳಲೂ ಶಕ್ತಿ ಇರಲಿಲ್ಲ. ರಸ್ತೆಯ ಅಂಚಿಗೆ ಕೂತು, "ಹೌದ್ರೀಯಪಾ, ನಾನ ಮಾಡೀನಿ. ಒಯ್ರಿ ನನ್ನ. ಅಲ್ಲಾದ್ರೂ ಮಲಗತೀನಿ," ಎಂದ.

ಇಮಾಮಹುಸೇನನಿಗೆ ಪಂಚನಾಮೆಗೆ ಮೊದಲು ಪರೀಕ್ಷೆ ಆಗಬೇಕಿತ್ತು. ಬೆರಳು ನೊರೆಗೆ ಅದ್ದಿ ನಾಲಿಗೆಗೆ ಮುಟ್ಟಿಸಿದ. ಅವನ ಮುಖದಲ್ಲಿ ಮೊದಲು ಹುಳಿ ಹಾಯ್ದುಹೋಯಿತು, ಆಮೇಲೆ ದವಾಖಾನೆ, ಕಣ್ಣಲ್ಲಿ ನೀರು ತಂದದ್ದು ಬಣ್ಣದ ಘಾಟು, ಕೊನೆಗೆ ರಟ್ಟು, ಅದರ ಮೇಲೆ ಬೆಣ್ಣೆ. ಅವನು ಪಕ್ಕಕ್ಕೆ ಓಡಿ ಥೂ ಥೂ ಎಂದು ಉಗಿದು, ಪಾನ್ ಅಂಗಡಿಯವನ ತಂಬಿಗೆಯ ನೀರೆಲ್ಲ ಮುಕ್ಕಳಿಸಿ ಬಂದ.

"ಇದು ಬೀರಲ್ಲ," ಎಂದ.

"ಬೀರೇ ಕಣ್ರೀ!" ಎಂದು ಸಾಹೇಬರು ಕೂಗಿದರು.

"ಅಲ್ರೀ! ಇದನ್ನ ಬೀರು ಅಂತ ಬರದು ಕೇಸ್ ಹಾಕಿದ್ರ ನಮ್ಮ ಸಾಹೇಬ್ರು ನನ್ನ ಕುಡಿ ಅಂತಾರ! ಇದು ಕುಡಿಯೂ ವಸ್ತುನ ಅಲ್ಲ. ಒಯ್ರಿ, ಒಯ್ರಿ. ಮೊದಲ ಇಲ್ಲಿಂದ ಒಯ್ರಿ. ಕುಡಿಯಾಕ ಬರೂದಿಲ್ಲ ಅಂದ್ಮ್ಯಾಲ ಕಾನೂನಿಗೆ ಸಂಬಂಧಿಲ್ಲ."

'ಕುಡಿ' ಎಂಬ ಪದ ಆಗ ಸಾಹೇಬರ ಕಿವಿಗೆ ಸರಿಯಾಗಿ ಬಿತ್ತು. ಅವರು ನೊರೆ ನೋಡಿದರು, ಸೂಗಪ್ಪನನ್ನು ನೋಡಿದರು, ಅತ್ತೆಯ ಬಗ್ಗೆ ತಾವು ನಡುಬೀದಿಯಲ್ಲಿ ಸಾರಿದ್ದೆಲ್ಲ ಒಂದೊಂದಾಗಿ ಕೇಳಿಸತೊಡಗಿತು. ಮುದುಕಿ ಜಟಕಾದಿಂದಲೇ, "ಶ್ರೀಕಂಠೂ, ಮೈಸೂರಿಗೆ ರೈಲು ಎಷ್ಟೊತ್ತಿಗೆ?" ಎಂದರು.

ಬಂಡಿ ತಿರುಗಿ ಅಂದ್ರೂನ್ ಕಿಲ್ಲಾಕ್ಕೆ ಬಂತು. ಪಾರ್ವತೆಮ್ಮ ಕಪಾಟಿನ ಬಾಗಿಲು ತೆರೆದು, ಗಾಜು ಗುಡಿಸಿ, ಮತ್ತೆ ಮುಚ್ಚಿದಳು. ಆ ಕಪಾಟಿನಲ್ಲಿಟ್ಟ ಸೀರೆ ಉಟ್ಟು ಆಕೆ ಶಾಲೆಗೆ ಹೋದರೆ ಮುಂದಿನ ಸಾಲಿನ ಮಕ್ಕಳು ಹಿಂದಿನ ಬೆಂಚಿಗೆ ಜಾಗ ಹುಡುಕುತ್ತಿದ್ದರಂತೆ.

ಸೋಮವಾರ ಸಾಹೇಬರು ಸೂಗಪ್ಪನನ್ನು ಕರೆಸಿ, ಬಾಗಿಲು ಹಾಕಿಸಿದರು.

"ನೋಡಿ, ನಿಮ್ಮನ್ನ ದೇವದುರ್ಗದಲ್ಲೇ ಬಿಟ್ರೆ ದಿನಾ ಆ ಬಸ್ಸಲ್ಲಿ ಕೂತು ನನ್ನ ಅತ್ತೆ ಕಥೆ ಹೇಳ್ತೀರಿ. ರಾಯಚೂರಿಗೆ ತಂದ್ರೆ ದಿನಾ ನಿಮ್ಮ ಮುಖ ನೋಡ್ಬೇಕು. ಮಾನ್ವಿಗೆ ಹೋಗಿ. ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಒಂದು ವರ್ಷ ಬಾಯಿ ಮುಚ್ಕೊಂಡಿರಿ, ನಾನೇ ಇಲ್ಲಿಗೆ ಕರೆಸ್ಕೋತೀನಿ. ಮಾನ್ವಿಯ ಸಾಹೇಬರು 'ಬಿಡಬಹುದು' ಅಂತ ಬರೆದ್ರೆ ಸಾಕು."

ಒಂದು ವರ್ಷ ತಾನೆ ಎಂದುಕೊಂಡು ಸೂಗಪ್ಪ ಮಾನ್ವಿಯ ಬಸ್ಸು ಹತ್ತಿದ. ಕಚೇರಿಯ ಮೆಟ್ಟಿಲು ಹತ್ತುವಾಗ ಗುಮಾಸ್ತರೆಲ್ಲ ಎದ್ದು ನಿಂತರು. ಜವಾನ ಕುರ್ಚಿ ಒರೆಸಿದ. ಮಾನ್ವಿಯ ಸಾಹೇಬರು ತಾವೇ ಕೋಣೆಯಿಂದ ಹೊರಬಂದು, "ಬರ್ರಿ ಬರ್ರಿ ಸೂಗಪ್ಪನೋರ, ನಿಮ್ಮ ದಾರಿನ ಕಾಯಾಕತ್ತಿದ್ವಿ," ಎಂದು ಒಳಗೆ ಕರೆದೊಯ್ದು, ಬಾಗಿಲು ಹಾಕಿ, ಮೇಜಿನ ಕೆಳಗಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಮುಚ್ಚಳ ತೆರೆದರು.

"ನಿಮ್ಮ ಬೀರಿನ ಸುದ್ದಿ ನಿಮಗಿಂತ ಮೊದಲಿನ ಬಸ್ಸಿಗೆ ಬಂತ್ರಿ. ನಾನೂ ಮನಿಯಾಗ ಮಾಡೀನಿ. ಭಾಳ ದಿನದಿಂದ ಮಾಡಾಕತ್ತೀನಿ, ಹಾದಿಗೆ ಬರವಲ್ದು. ಏನ್ ತಪ್ಪೇದ ಅಂತ ಒಂದೀಟು ನೋಡಿ ಹೇಳ್ರಿ."

ಸೂಗಪ್ಪ ಡಬ್ಬಿಯ ಕಡೆ ನೋಡಿದ. ಕಣ್ಣು ಮುಚ್ಚಿದ. ಹತ್ತಿರ ಹೋಗಬೇಕಾಗಲಿಲ್ಲ, ಕೂತಲ್ಲಿಗೇ ಬಂತು.

"ಕುದಿಯೂ ಮುಂದ ಮುಚ್ಚಳಾ ಹಾಕಿದ್ರೇನ್ರಿ?" ಎಂದ.

"ಹಾಕಿದ್ದೆ!"

"ಅದಕ್ಕ ಬೇಯಿಸಿದ ಗೋವಿನಜೋಳದ ವಾಸನಿ ಹೊಡಿತದ. ತಗದು ಕುದಸ್ರಿ. ಕುದ್ದ ಮ್ಯಾಲ ಲಗೂನ ಆರಸ್ರಿ."

ಸಾಹೇಬರು ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಎದ್ದು, ಬಾಗಿಲು ಅರ್ಧ ತೆರೆದು, ಹೆಡ್ ಕ್ಲಾರ್ಕಿಗೆ ಕೂಗಿ ಹೇಳಿದರು:

"ಏನ್ರಿ, ಈ ಸೂಗಪ್ಪನೋರ ವರ್ಗದ ಅರ್ಜಿ ಎಂದ ಬಂದ್ರೂ, ನಾ ಇಲ್ಲಿ ಇರೂತನಾ, ಮ್ಯಾಲ ಕಳಸೂದಿಲ್ಲ ಅಂತ ಈಗ ಬರಕೋರಿ!"